ಬಿಳಿ ಬಟ್ಟೆಯ ಮೇಲೆ ಮಣ್ಣಿನ ಹೆಜ್ಜೆ

ಸೊಗಾಬೆ ಇಸಾಮುವಿನ ಜೀವಮಾನದ ಕೆಲಸ ಫೆರಿ ಹಡಗಿನ ಡೆಕ್ಕಿನ ಮೂಲೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಮಡಿಚಿಟ್ಟಿರುತ್ತದೆ. ಪ್ರಯಾಣಿಕರು ಆ ಪೆಟ್ಟಿಗೆಯ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚುತ್ತಾರೆ, ಮಕ್ಕಳು ಹತ್ತಿ ಕುಣಿಯುತ್ತಾರೆ. ಹಡಗಿಗೆ ಅಪಾಯ ಬಂದಾಗ ಮಾತ್ರ ಅದನ್ನು ತೆರೆಯುತ್ತಾರೆ. ಆಗ ಒಳಗಿನಿಂದ ಬಟ್ಟೆಯ ಉದ್ದನೆಯ ಕೊಳವೆಯೊಂದು ಸಮುದ್ರದವರೆಗೆ ಇಳಿಬೀಳುತ್ತದೆ. ಜನ ಒಬ್ಬೊಬ್ಬರಾಗಿ ಅದರೊಳಗೆ ಜಾರಿ ಕೆಳಗಿನ ರಬ್ಬರ್ ತೆಪ್ಪ ಸೇರುತ್ತಾರೆ. ಈ ಜಾರುಕೊಳವೆಯ ಬಾಯಿಯಲ್ಲಿ ಹಾಸಿದ ಬಿಳಿ ಬಟ್ಟೆಯ ಮೇಲೆ ಮೂತಿ ಸೀಳಿದ ಎರಡು ಮಣ್ಣುಹೆಜ್ಜೆಗಳ ಗುರುತಿರುತ್ತದೆ. ಕಾರ್ಖಾನೆಯಲ್ಲೇ ಅಚ್ಚು ಹಾಕಿದ್ದು. ಫೆರಿಯ ಹುಡುಗರು ಅದನ್ನು ನೋಡಿ ಆಡು ತುಳಿದ ಹಾಗಿದೆ ಎಂದು ನಗುತ್ತಾರೆ. ಆ ಹೆಜ್ಜೆ ಸೊಗಾಬೆಯ ಹೆಂಡತಿ ಫುಸಾಳದು. ಅದು ಅಲ್ಲಿಗೆ ಹೇಗೆ ಬಂತೆಂದು ಹೇಳಬಲ್ಲವರು ಈಗ ಊರಿನಲ್ಲಿ ಕಡಿಮೆ. ಗಂಡ ಹೆಂಡತಿ ಇಬ್ಬರೂ ನನಗಿಂತ ಚಿಕ್ಕವರು, ಇಬ್ಬರನ್ನೂ ನಾನು ಬಲ್ಲೆ.

ಸೊಗಾಬೆಯ ತಂದೆ ಸರಕು ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದ. ದೋಣಿಗಳಿಗೆ ಎಂಜಿನ್ ಬಂದ ಮೇಲೆ ಹಾಯಿ ಯಾರಿಗೂ ಬೇಡವಾಯಿತು. ಅವನು ಅದೇ ಸೂಜಿಯಲ್ಲಿ ಲಾರಿಗಳ ಟಾರ್ಪಾಲು ಹೊಲಿದು ಮಗನನ್ನು ಕೈಗಾರಿಕಾ ಶಾಲೆಗೆ ಕಳಿಸಿದ. ಮಗ ಓದು ಮುಗಿಸಿ ಬಂದರಿನ ಟಾರ್ಪಾಲು ಕಂಪನಿಗೇ ಸೇರಿದ. ಹೊಲಿಗೆ ಕೋಣೆಯಲ್ಲಿ ದಪ್ಪ ಬಟ್ಟೆಯ ಯಂತ್ರದ ಮುಂದೆ ಫುಸಾ ಕೂರುತ್ತಿದ್ದಳು. ನಮ್ಮ ಬಂದರಿನ ಎದುರಿನ ಒಳಗಡಲಿನ ದ್ವೀಪವೊಂದರ ಹುಡುಗಿ. ಮಾತು ಕಡಿಮೆ, ಕೈ ಚುರುಕು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ, ನಮ್ಮ ಕಡೆಯ ಎಲ್ಲ ಹೆಂಗಸರ ಹಾಗೆ ಅವಳೂ ಗಂಡನನ್ನು ‘ಅಪ್ಪಾ’ ಎಂದೇ ಕರೆಯತೊಡಗಿದಳು. ಮಗಳು ದೊಡ್ಡವಳಾಗಿ ಓಸಾಕಾದಲ್ಲಿ ಸಂಸಾರ ಹೂಡಿದ ಮೇಲೂ ಆ ಕರೆ ಹಾಗೇ ಉಳಿಯಿತು.

ಫೆರಿಗಳು ದೊಡ್ಡವಾಗುತ್ತಿದ್ದ ಕಾಲ ಅದು. ಡೆಕ್ಕು ಎತ್ತರವಾಯಿತು, ಹಗ್ಗದ ಏಣಿಯಲ್ಲಿ ಮುದುಕರು ಮಕ್ಕಳು ಇಳಿಯುವುದು ಸಾಧ್ಯವಿಲ್ಲ ಎನ್ನುವಂತಾಯಿತು. ಇಳಿಯಲು ಬೇರೆ ದಾರಿ ಹುಡುಕುವ ಕೆಲಸವನ್ನು ಕಂಪನಿ ಸೊಗಾಬೆಗೆ ಒಪ್ಪಿಸಿತು. ನೆಟ್ಟಗಿನ ಕೊಳವೆಯಲ್ಲಿ ಮನುಷ್ಯ ಕಲ್ಲಿನಂತೆ ಬೀಳುತ್ತಾನೆ. ಓರೆಯಾದ ಜಾರುಬಂಡೆ ಇಳಿಬಿಟ್ಟರೆ ಗಾಳಿ ಅದನ್ನು ಎತ್ತಿ ಒಗೆಯುತ್ತದೆ. ಅವನು ನೆಟ್ಟಗಿನ ಕೊಳವೆಯನ್ನೇ ಇಳಿಬಿಟ್ಟು, ಅದರೊಳಗೆ ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾದ ಬಟ್ಟೆಯ ತುಂಡುಗಳನ್ನು ಹೊಲಿಸಿದ. ಇಳಿಯುವವನು ಎಡಕ್ಕೆ ಜಾರಿ, ಬಲಕ್ಕೆ ಜಾರಿ, ಬಟ್ಟೆಯ ಕೈಯಿಂದ ಕೈಗೆ ದಾಟಿದಂತೆ ನಿಧಾನವಾಗಿ ತಳ ಸೇರುತ್ತಾನೆ. ಇದನ್ನು ಸರಿಮಾಡಲು ಸೊಗಾಬೆ ಸ್ವತಃ ಎಷ್ಟು ಸಲ ಜಾರಿದನೆಂದರೆ, ಅವನ ಪ್ಯಾಂಟು ಮುಂದೆ ಹೊಸದು, ಹಿಂದೆ ಬರೀ ತೇಪೆ ಎಂದು ಹೊಲಿಗೆ ಕೋಣೆಯವರು ಆಡಿಕೊಳ್ಳುತ್ತಿದ್ದರು. ತೇಪೆ ಹಾಕುವವಳು ಫುಸಾ. ಅವಳೂ ಅವರ ಜೊತೆ ನಗುತ್ತಿದ್ದಳು.

ಕೊಳವೆಯನ್ನು ಪರೀಕ್ಷೆ ಮಾಡಲು ಎತ್ತರದ ಜಾಗ ಬೇಕಿತ್ತು. ಶಾಲೆಯ ಆಟದ ಹಾಲಿನಲ್ಲಿ, ಮೇಲಿನ ಮೊಗಸಾಲೆಯಿಂದ ನೆಲದವರೆಗೆ ಅದನ್ನು ಕಟ್ಟಿದರು. ಮೊದಲನೆಯದು ಕಡುನೀಲಿ ಕ್ಯಾನ್ವಾಸಿನದು. ಜಾರಿ ನೋಡಲು ಕೇರಿಯ ಹಿರಿಯರ ಸಂಘದ ಅಜ್ಜಿಯರನ್ನು ಕರೆದಿದ್ದರು. ಮೊದಲನೆಯವಳು ಬಾಯಿಯಲ್ಲಿ ಬಗ್ಗಿ ನೋಡಿ ಹಿಂದೆ ಸರಿದಳು.

“ಇದೇನಪ್ಪ, ಬಾವಿ ಇದ್ದ ಹಾಗಿದೆ. ಹೇಗೂ ಒಂದಿನ ಸಮಾಧಿಗೆ ಇಳಿಸ್ತೀರಲ್ಲ, ಇವತ್ತೇ ಏನು ಅವಸರ?”

ಉಳಿದವರೂ ನಗುತ್ತ ಹಿಂದೆ ಸರಿದರು. ಯಾರೂ ಇಳಿಯಲಿಲ್ಲ. ಕತ್ತಲೆಯ ಭಯಕ್ಕೆ ಲೆಕ್ಕಾಚಾರದಲ್ಲಿ ಉತ್ತರವಿರಲಿಲ್ಲ. ಸೊಗಾಬೆ ಮನೆಯಲ್ಲಿ ಊಟದ ಮಣೆಯ ಮುಂದೆ ಸಪ್ಪಗೆ ಕುಳಿತಿದ್ದಾಗ ಫುಸಾ, ಬಿಳಿ ಬಟ್ಟೆಯಲ್ಲಿ ಹೊಲಿಯಬಾರದೇಕೆ ಎಂದು ಕೇಳಿದಳು. ಬೆಳಕು ಒಳಗೆ ಬರುತ್ತದೆ. ತೊಳೆದು ಬಿಸಿಲಿಗೆ ಒಣಗಿಸಿದ ಹಾಸಿಗೆಯಂತೆ ಕಂಡರೆ ಯಾರೂ ಹೆದರುವುದಿಲ್ಲ ಎಂದಳು. ಬಿಳಿ ಬಟ್ಟೆಯಲ್ಲೇ ಹೊಲಿದರು. ಬಾಯಿಯ ಅಂಚನ್ನು ಫುಸಾ ತಾನೇ ಮಡಿಚಿ ಹೊಲಿದಳು, ಮಗುವಿನ ಹೊದಿಕೆಯ ಅಂಚಿನ ಹಾಗೆ.

ಅಜ್ಜಿಯರು ಮತ್ತೆ ಬಂದರು. ಮದುವೆಮನೆಯ ಹಾಸಿಗೆಯಂತಿದೆ ಎಂದು ಮುಟ್ಟಿ ನೋಡಿದರು, ಕೈ ಎದೆಗೆ ಕಟ್ಟಿಕೊಂಡು ಒಬ್ಬೊಬ್ಬರಾಗಿ ಜಾರಿದರು, ಕೆಳಗೆ ಎದ್ದವರು ಮತ್ತೆ ಮೆಟ್ಟಿಲು ಹತ್ತಿ ಬಂದರು. ತಪಾಸಣೆಗೆ ಬಂದಿದ್ದ ಅಧಿಕಾರಿಗಳೂ ಜಾರಿದರು. ಎಲ್ಲವೂ ಸುಸೂತ್ರವಾಗಿತ್ತು. ಒಪ್ಪಿಗೆ ಸಿಕ್ಕಿತು.

ಆ ದಿನ ಹಾಲಿನೊಳಗೆ ಇದ್ದ ಯಾರ ಕಾಲಿನಲ್ಲೂ ಬೀದಿಯ ಪಾದರಕ್ಷೆ ಇರಲಿಲ್ಲ. ಎಲ್ಲರವೂ ಬಾಗಿಲ ಬಳಿಯ ಗೂಡುಗಳಲ್ಲಿದ್ದವು. ಶಾಲೆಯ ಹಾಲಿಗೆ ಮೆಟ್ಟಿಕೊಂಡು ಯಾರು ಬರುತ್ತಾರೆ? ಆದ್ದರಿಂದ ಆ ಪರೀಕ್ಷೆಯಲ್ಲಿ ಪರೀಕ್ಷೆಯಾಗದೆ ಉಳಿದ ಸಂಗತಿಯೊಂದು ಇದೆ ಎನ್ನುವುದು ಎಂಜಿನಿಯರಿಗೂ ಹೊಳೆಯಲಿಲ್ಲ, ಅಧಿಕಾರಿಗೂ ಹೊಳೆಯಲಿಲ್ಲ. ಅಲ್ಲಿದ್ದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ಸೊಗಾಬೆ ನಾವಿಕರಿಗೆ ಒಂದು ನಿಯಮ ಮಾಡಿದ್ದ. ಕೆಳಗಿನ ತೆಪ್ಪವನ್ನು ಸರಿಮಾಡಲು ಮೊದಲು ಇಳಿಯುವ ನಾವಿಕನ ಬೂಟಿಗೆ ಕಬ್ಬಿಣದ ಮೂತಿ ಇರುತ್ತದೆ, ಅದು ಬಟ್ಟೆಯನ್ನು ಸೀಳಬಹುದು. ಆದ್ದರಿಂದ ಅವನು ಬೂಟು ಬಿಚ್ಚಿ, ಬಾಯಿಯ ಪಕ್ಕದಲ್ಲಿಟ್ಟು ಇಳಿಯಬೇಕು. ಪ್ರಯಾಣಿಕರಿಗೆ ಹೀಗೊಂದು ನಿಯಮವಿರಲಿಲ್ಲ. ಚೂಪು ಹಿಮ್ಮಡಿಯವರಷ್ಟೇ ಬಿಚ್ಚಬೇಕು ಎಂದಿತ್ತು.

ಕೆಲವು ವರ್ಷ ಪೆಟ್ಟಿಗೆಗಳು ತೆರೆಯಲಿಲ್ಲ. ಆಮೇಲೆ ಒಂದು ವಸಂತದಲ್ಲಿ, ಹಗಲು ರಾತ್ರಿ ಸಮವಾಗುವ ವಾರದಲ್ಲಿ, ಸತ್ತವರ ಸಮಾಧಿಗೆ ನೀರೆರೆಯಲು ಜನ ತಮ್ಮ ತಮ್ಮ ದ್ವೀಪಗಳಿಗೆ ಹೊರಟಿದ್ದ ಬೆಳಿಗ್ಗೆ, ಒಳಗಡಲಿನ ಮೇಲೆ ಮಂಜು ಕವಿಯಿತು. ಜಲ್ಲಿ ಸಾಗಿಸುವ ಹಡಗೊಂದು ದ್ವೀಪಕ್ಕೆ ಹೊರಟಿದ್ದ ಫೆರಿಯ ಪಕ್ಕೆಗೆ ನುಗ್ಗಿತು. ಆ ಫೆರಿಯಲ್ಲಿ ಫುಸಾ ಇದ್ದಳು. ತವರಿನ ಸಮಾಧಿಗೆಂದು ಕೆಂಪುಕಾಳಿನ ಅಕ್ಕಿಯುಂಡೆಗಳ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಡಿದಿದ್ದಳು.

ಫೆರಿ ಕೂಡಲೇ ಮುಳುಗಲಿಲ್ಲ. ಮೆಲ್ಲಗೆ ವಾಲುತ್ತಿತ್ತು. ಜಾರುಕೊಳವೆ ತೆರೆಯಿತು, ತೆಪ್ಪ ಅರಳಿತು, ಜನ ಇಳಿದರು. ಕೊನೆಯಲ್ಲಿ ಹಡಗು ಒಮ್ಮೆಗೇ ಮಗುಚಿದಾಗ ಮೇಲೆ ಉಳಿದಿದ್ದ ಪ್ರಯಾಣಿಕರು ಮೂವರು: ದ್ವೀಪದ ಕಿತ್ತಳೆ ತೋಟದ ಅಜ್ಜಿ ಶಿಂಗಾಯಿ ತೋಮೆ, ಅವಳ ಹಿಂದೆ ಸರದಿಯಲ್ಲಿ ನಿಂತಿದ್ದ ಗಂಡ ಹೆಂಡತಿ. ಮೂವರೂ ಸತ್ತರು. ಉಳಿದ ಎಲ್ಲರೂ ಬದುಕಿದರು. ಫುಸಾ ಬರಿಗಾಲಿನಲ್ಲಿ, ಡಬ್ಬಿಯಿಲ್ಲದೆ ಮನೆಗೆ ಬಂದಳು.

ಕಂಪನಿಯ ಮುಖ್ಯಸ್ಥ ತಾಮಯಿ ಆ ಸಂಜೆಯೇ ಸೊಗಾಬೆಯ ಮನೆಗೆ ಬಂದು, ನೀವು ಹೊಲಿಸಿದ ಕೊಳವೆಯೇ ನಿಮ್ಮ ಹೆಂಡತಿಯನ್ನು ಉಳಿಸಿತು ಎಂದು ತಲೆಬಾಗಿ ಹೋದ. ಸೊಗಾಬೆಯೂ ಹಾಗೇ ಅಂದುಕೊಂಡಿದ್ದ. ಬಟ್ಟೆ ಹರಿಯಲಿಲ್ಲ, ಹೊಲಿಗೆ ಬಿಡಲಿಲ್ಲ. ಆದರೂ ಅವನಿಗೆ ಒಂದು ಸಂಗತಿ ಅರ್ಥವಾಗುತ್ತಿರಲಿಲ್ಲ. ಮೂವರು ಯಾಕೆ ಉಳಿದರು? ಹಾಲಿನಲ್ಲಿ ಅಜ್ಜಿಯರು ಇಳಿದ ವೇಗದಲ್ಲಿ ಇಳಿದಿದ್ದರೆ ಹಡಗು ಮಗುಚುವ ಎಷ್ಟೋ ಮೊದಲೇ ಡೆಕ್ಕು ಖಾಲಿಯಾಗಿರಬೇಕಿತ್ತು. ಬದುಕಿದವರನ್ನು ಹುಡುಕಿಕೊಂಡು ಹೋಗಿ ಕೇಳಿದ. ನೂಕುನುಗ್ಗಲು ಇರಲಿಲ್ಲ, ಯಾರೂ ಕಿರುಚಲಿಲ್ಲ, ಎಲ್ಲರೂ ಸರದಿಯಲ್ಲಿ ಮರ್ಯಾದೆಯಿಂದ ಇಳಿದೆವು ಎಂದರು. ಪಾದರಕ್ಷೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಮುಚ್ಚಿಟ್ಟರೆಂದಲ್ಲ; ಉಸಿರಾಡಿದೆವು ಎಂದು ಯಾರಾದರೂ ಸಾಕ್ಷಿ ಹೇಳುತ್ತಾರೆಯೇ?

ಅವನಿಗೆ ಸುಳಿವು ಸಿಕ್ಕಿದ್ದು ಸ್ವಂತ ಮನೆಯ ಬಾಗಿಲಲ್ಲಿ. ನಮ್ಮಲ್ಲಿ ಮನೆಗೆ ಬಂದವರು ಹೊಸ್ತಿಲ ಕೆಳಗೆ ಶೂ ಬಿಚ್ಚಿ ಒಳಗೆ ಹತ್ತುತ್ತಾರೆ, ಮನೆಯಾಕೆ ಮೊಣಕಾಲೂರಿ ಅವುಗಳ ಮೂತಿಯನ್ನು ಬೀದಿಯ ಕಡೆ ತಿರುಗಿಸಿ ಜೋಡಿಸುತ್ತಾಳೆ. ಹೊರಡುವಾಗ ಕಾಲು ಹಾಕಿ ಹೋದರಾಯಿತು. ಮದುವೆಯಾದ ದಿನದಿಂದ ಫುಸಾ ಇದನ್ನು ತಪ್ಪಿಸಿದವಳಲ್ಲ. ಈಗ ಸೊಗಾಬೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಶೂಗಳು ಹಿಂದಿನ ಸಂಜೆ ಬಿಚ್ಚಿಟ್ಟ ಹಾಗೇ, ಮೂತಿ ಒಳಗೆ ಮಾಡಿಕೊಂಡು ಬಿದ್ದಿರುತ್ತಿದ್ದವು. ಕೆಲವು ದಿನ ನೋಡಿದ. ಒಂದು ಭಾನುವಾರ ಅವಳು ಮೀನಿನ ಪೊರೆ ತೆಗೆಯುತ್ತಿದ್ದಾಗ, ನನ್ನ ಶೂಗಳ ಮೇಲೆ ಮುನಿಸೇನು ಎಂದು ತಮಾಷೆಗೆ ಕೇಳಿದ.

ಅವಳು ಚಾಕು ಕೆಳಗಿಟ್ಟಳು. ಎಲ್ಲವನ್ನೂ ಹೇಳಿದಳು.

ಮೊದಲ ನಾವಿಕ ನಿಯಮದಂತೆ ಬೂಟು ಬಿಚ್ಚಿ, ಬಾಯಿಯ ಪಕ್ಕದಲ್ಲಿ ಜೋಡಿಸಿಟ್ಟು ಇಳಿದ. ಸರದಿಯಲ್ಲಿ ಮೊದಲು ನಿಂತವರು ಆ ಬೂಟುಗಳನ್ನು ನೋಡಿದರು, ಮುಂದೆ ಹಾಸಿದ್ದ ಬೆಳ್ಳನೆಯ ಬಟ್ಟೆಯನ್ನು ನೋಡಿದರು, ತಾವೂ ಬಗ್ಗಿ ಬಿಚ್ಚಿದರು. ಹಿಂದಿನವರೂ ಬಿಚ್ಚಿದರು. ಲೇಸು ಕಟ್ಟಿದವರು ಕುಳಿತು ಬಿಚ್ಚಿದರು. ಹೆದರಿದವರಿಗೆ ಫುಸಾ, ಇದು ನಾವೇ ಹೊಲಿದದ್ದು, ಗಟ್ಟಿಯಾಗಿದೆ ಎಂದು ಧೈರ್ಯ ಹೇಳಿದಳು. ಎಷ್ಟೋ ಜನ ಅವಳ ಮಾತಿನಿಂದಲೇ ಕಾಲಿಟ್ಟರು. ಬಿಚ್ಚಿಟ್ಟವು ವಾಲಿದ ಡೆಕ್ಕಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಬಾಯಿಯ ಕಡೆಗೇ ಜಾರುತ್ತಿದ್ದವು. ಅವಳು ಮೊಣಕಾಲೂರಿ ಅವನ್ನು ಬದಿಗೆ ಸರಿಸಿ ಜೋಡಿಸುತ್ತಿದ್ದಳು, ಮೂತಿ ಹೊರಗೆ ಮಾಡಿ. ಸಮುದ್ರದ ನಡುವೆ ಯಾವುದು ಹೊರಗೆ ಎಂದು ಅವಳು ಯೋಚಿಸಲಿಲ್ಲ. ಕೈ ತಾನಾಗಿ ಆ ಕೆಲಸ ಮಾಡುತ್ತಿತ್ತು.

ಕೊನೆಗೆ ತೋಮೆ ಅಜ್ಜಿ ಬಂದಳು. ಬೆಳಗಿನ ಜಾವ ತೋಟದಿಂದ ನೇರವಾಗಿ ಪೇಟೆಗೆ ಬಂದು ಕಿತ್ತಳೆ ಮಾರಿ, ಬರಿಬುಟ್ಟಿಯೊಂದಿಗೆ ಹಿಂದಿರುಗುತ್ತಿದ್ದವಳು. ಕಾಲಲ್ಲಿ ತೋಟದವರು ಹಾಕುವ ತಾಬಿ ಬೂಟು: ಬಟ್ಟೆಯದು, ರಬ್ಬರಿನ ಅಟ್ಟೆ, ಹೆಬ್ಬೆರಳಿನ ಪಕ್ಕ ಸೀಳಿದ್ದು, ಹಿಂಬದಿಯಲ್ಲಿ ಹಿಮ್ಮಡಿಯಿಂದ ಮೀನಖಂಡದವರೆಗೆ ಸಾಲಾಗಿ ಲೋಹದ ಕೊಂಡಿಗಳು. ಒಂದೊಂದನ್ನೇ ಬಿಚ್ಚಬೇಕು.

“ಅಜ್ಜಿ ಕಾಲು ಮುಂದಿಟ್ಟು ಹಿಂದಕ್ಕೆ ತಗೊಂಡ್ರು,” ಎಂದಳು ಫುಸಾ. “‘ಇಷ್ಟು ಬೆಳ್ಳಗಿದೆ, ಈ ಮಣ್ಣುಗಾಲು ಹೇಗಮ್ಮ ಇಡ್ಲಿ’ ಅಂದ್ರು. ನಾನು ಏನಂದೆ ಗೊತ್ತಾ ಅಪ್ಪಾ? ‘ನಿಧಾನಕ್ಕೆ ಬಿಚ್ಚಿ ಅಜ್ಜಿ, ನಾನು ಹಿಡ್ಕೊಂಡಿರ್ತೀನಿ’ ಅಂದೆ.”

ಅವಳು ಮೀನಿನ ಕೈ ಒರೆಸಿಕೊಂಡಳು.

“ನಂಗೆ ಖುಷಿಯಾಗಿತ್ತು. ಆ ಬಿಳಿ ನಾನು ಆರಿಸಿದ್ದಲ್ವಾ? ಅದನ್ನ ಗಲೀಜು ಮಾಡಬಾರ್ದು ಅಂತ ಒಬ್ರಿಗಾದ್ರೂ ಅನಿಸ್ತಲ್ಲ ಅಂತ ಖುಷಿಯಾಗಿತ್ತು.”

ಅಜ್ಜಿ ಡೆಕ್ಕಿನ ಮೇಲೆ ಕುಳಿತು ಇನ್ನೂ ಮೊದಲ ಕಾಲಿನ ಕೊಂಡಿಗಳಲ್ಲೇ ಇದ್ದಳು. ಹಿಂದಿನ ದಂಪತಿ ಕಾಯುತ್ತ ನಿಂತಿದ್ದರು. ಹಿರಿಯಳನ್ನು ದಾಟಿ ಹೋಗುವ ಜನ ಅವರಲ್ಲ. ಡೆಕ್ಕು ಕಾಲಡಿಯಲ್ಲಿ ಸರಿಯಿತು. ಬಾಯಿಯ ಬಳಿ ನಿಂತಿದ್ದ ನಾವಿಕ ಕೈಗೆ ಹತ್ತಿರ ಸಿಕ್ಕಿದ ಫುಸಾಳನ್ನು ಎತ್ತಿ ಒಳಗೆ ನೂಕಿದ. ಅವಳು ಬಿಳಿ ಬಟ್ಟೆಯೊಳಗೆ ಎಡಕ್ಕೆ ಬಲಕ್ಕೆ ಜಾರುತ್ತಿರುವಾಗಲೇ ಮೇಲೆ ಹಡಗು ಮಗುಚಿ ಬೆಳಕು ತಿರುಗಿತು. ನಾವಿಕ ನೀರಿಗೆ ಹಾರಿ ಬದುಕಿದ. ಅಜ್ಜಿಗೆ ಹಾರಲಾಗಲಿಲ್ಲ.

ಸೊಗಾಬೆ ಅಂದ: “ಮೊದಲನೇ ಜೋಡಿ ಬೂಟು ಅಲ್ಲಿ ಇಡ್ಸಿದ್ದು ನಾನು.”

ಅವರಿಬ್ಬರ ಮುಂದೆ ಆಗ ಇದ್ದ ಕಷ್ಟ ಇಷ್ಟೇ. ಒಳಗಡಲಿನ ಎಲ್ಲ ಫೆರಿಗಳಲ್ಲೂ ಅದೇ ಬಿಳಿ ಬಟ್ಟೆ ಮಡಿಚಿಟ್ಟಿತ್ತು. ಮುಂದೆ ಯಾವಾಗ ತೆರೆದರೂ ಜನ ಮತ್ತೆ ಬಗ್ಗಿ ಬಿಚ್ಚುತ್ತಾರೆ, ಮತ್ತೆ ಯಾರಾದರೂ ಮೇಲೆ ಉಳಿಯುತ್ತಾರೆ. ಅದನ್ನು ತಪ್ಪಿಸಬೇಕಾದರೆ ಅಪಘಾತದ ಬಗ್ಗೆ ನಡೆಯಲಿದ್ದ ವಿಚಾರಣೆಯಲ್ಲಿ ಹೇಳಬೇಕು. ಹೇಳಿದರೆ, ಅಲ್ಲಿ ಜೋಡಿಸುತ್ತ ಕುಳಿತವಳು ಯಾರು, ಅಜ್ಜಿಗೆ ನಿಧಾನವಾಗಿ ಬಿಚ್ಚಿ ಎಂದವಳು ಯಾರು ಎಂಬುದು ಹೊರಬರುತ್ತದೆ. ಸತ್ತ ಅಜ್ಜಿಯ ದ್ವೀಪ, ಫುಸಾಳ ತವರಿನ ದ್ವೀಪ ಒಂದೇ. ಸೊಗಾಬೆ ಅವಳ ಹೆಸರು ಎತ್ತದೆ ಹೇಳುವುದಾಗಿ ಮಾತು ಕೊಟ್ಟ. ಫುಸಾ ಸುಮ್ಮನೆ ತಲೆಯಾಡಿಸಿ ಮೀನು ತೊಳೆಯಲು ಎದ್ದಳು.

ತಾಮಯಿಗೆ ತಿಳಿಸಿದಾಗ ಅವನು ಬಾಗಿಲು ಹಾಕಿಕೊಂಡು ಕೂರಿಸಿ ಮಾತಾಡಿದ. ಕೊಳವೆಯಲ್ಲಿ ದೋಷವಿಲ್ಲ ಎಂದು ಎಲ್ಲರೂ ಒಪ್ಪಿರುವಾಗ ಬಟ್ಟೆಯ ಬಣ್ಣವನ್ನು ನಾವೇ ಯಾಕೆ ಎಳೆದು ತರಬೇಕು ಎಂಬುದು ಅವನ ವಾದ. ಬಿಳಿ ಬಟ್ಟೆ ಯಾರನ್ನೂ ಕೊಲ್ಲುವುದಿಲ್ಲ ಎಂದ. ಅವನ ಮಾತು ಸುಳ್ಳಾಗಿರಲಿಲ್ಲ.

ವಿಚಾರಣೆ ಬಂದರಿನ ಸಭಾಭವನದಲ್ಲಿ ನಡೆಯಿತು. ನಾನು ಆಗ ನಾವಿಕ ಶಾಲೆಯಲ್ಲಿ ಹಡಗಿನ ಸಮತೋಲದ ಪಾಠ ಹೇಳುತ್ತಿದ್ದೆ. ಹಡಗು ಹೇಗೆ ವಾಲಿತೆಂದು ವಿವರಿಸಲು ಕರೆಸಿದ್ದರು. ಸೊಗಾಬೆಯ ಸರದಿ ನನ್ನ ನಂತರ. ಅವನು ಎದ್ದು, ಜನ ಪಾದರಕ್ಷೆ ಬಿಚ್ಚಿದ್ದರಿಂದ ತಡವಾಯಿತು, ಬಟ್ಟೆ ಬದಲಾಗಬೇಕು ಎಂದ. ನೋಡಿದವರು ಯಾರೆಂದು ಅಧ್ಯಕ್ಷರು ಕೇಳಿದರು. ಸೊಗಾಬೆ ಕೊಟ್ಟ ಮಾತಿನಂತೆ ಹೆಸರು ಹೇಳಲಿಲ್ಲ. ಹಡಗಿನ ಕಂಪನಿಯ ವಕೀಲ ನಕ್ಕ.

“ಮುಳುಗ್ತಿರೋ ಹಡಗಲ್ಲಿ ಶೂ ಬಿಚ್ಚಿ ಜೋಡಿಸಿಟ್ಟು ಬರೋರು ಯಾರು ಸ್ವಾಮಿ? ಊಟಕ್ಕೆ ಕರೆದಿದ್ರಾ?”

ಸಭೆಯಲ್ಲಿ ಕೆಲವರು ನಕ್ಕರು. ವಕೀಲನ ಕಾಲಿನಲ್ಲಿ, ಅಧ್ಯಕ್ಷರ ಕಾಲಿನಲ್ಲಿ, ನನ್ನ ಕಾಲಿನಲ್ಲಿ ಸಭಾಭವನದವರು ಕೊಟ್ಟ ಕಂದು ಚಪ್ಪಲಿಗಳಿದ್ದವು. ನಮ್ಮ ಶೂಗಳು ಹೊರಗೆ ಸಾಲಾಗಿ, ಮೂತಿ ಬೀದಿಗೆ ಮಾಡಿಕೊಂಡು ಕಾಯುತ್ತಿದ್ದವು. ಯಾರೂ ಕೆಳಗೆ ನೋಡಲಿಲ್ಲ.

ಹಿಂದಿನ ಬೆಂಚಿನಿಂದ ಫುಸಾ ಎದ್ದಳು. “ಜೋಡಿಸಿದ್ದು ನಾನು,” ಎಂದಳು.

ಸರದಿ ಬಂದಾಗ ಕೇಳುತ್ತೇವೆ, ಕುಳಿತುಕೊಳ್ಳಿ ಎಂದು ಅಧ್ಯಕ್ಷರು ಮೃದುವಾಗಿ ಹೇಳಿದರು. ಅವಳು ಕೂರಲಿಲ್ಲ. ಮೀನಿನ ಮುಂದೆ ಗಂಡನಿಗೆ ಹೇಳಿದ್ದೆಲ್ಲವನ್ನೂ ಅದೇ ಕ್ರಮದಲ್ಲಿ, ಅದೇ ಮಾತುಗಳಲ್ಲಿ ಹೇಳಿದಳು. ಅಜ್ಜಿಗೆ ತಾನು ಹೇಳಿದ ಮಾತನ್ನೂ ಬಿಡಲಿಲ್ಲ. ಸೊಗಾಬೆ ನೆಲ ನೋಡುತ್ತಿದ್ದ. ಅವಳು ಮುಗಿಸಿದ ಮೇಲೆ ಬದುಕಿದವರ ಸಾಲಿನಿಂದ ಒಬ್ಬ ಮೀನುಗಾರ ಮೆಲ್ಲಗೆ, ತಾನೂ ಬಿಚ್ಚಿಟ್ಟಿದ್ದು ಹೌದು ಎಂದ. ಅವನ ಪಕ್ಕದವಳು, ತಾನೂ ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಅಂದರು. ತಮ್ಮ ಬಾಯಿಂದ ಬಂದ ಮಾತು ಅವರಿಗೇ ಆಶ್ಚರ್ಯವಾಗಿತ್ತು.

ತೀರ್ಪಿನಲ್ಲಿ ಯಾರನ್ನೂ ತಪ್ಪಿತಸ್ಥರೆಂದು ಹೇಳಲಿಲ್ಲ. ಬಾಯಿಯ ಹಾಸು ಬದಲಾಗಬೇಕು ಎಂಬ ಒಂದು ಸಾಲು ಸೇರಿತು. ಫುಸಾಳ ಹೆಸರು ಅದರಲ್ಲಿ ಇರಲಿಲ್ಲ. ಊರಿನಲ್ಲಿ ಮಾತ್ರ ಅದು ಎಲ್ಲರಿಗೂ ಗೊತ್ತಿತ್ತು.

ಕೆಲವು ದಿನಗಳ ನಂತರ ತೋಮೆಯ ಮಗ ಶಿಂಗಾಯಿ ಕತ್ಸುಮಿ ದ್ವೀಪದಿಂದ ಬಂದ. ತೋಟದ ಬೂಟಿನಲ್ಲೇ ಇದ್ದ. ಹೊಸ್ತಿಲ ಕೆಳಗೆ ನಿಂತ. ಸೊಗಾಬೆ ಒಳಗೆ ಬರುವಂತೆ ಕೇಳಿಕೊಂಡ.

“ಬೇಡ. ಒಳಗೆ ಬಂದ್ರೆ ಬಿಚ್ಬೇಕಾಗುತ್ತೆ,” ಎಂದ ಕತ್ಸುಮಿ.

ಫುಸಾ ಹೊಸ್ತಿಲ ಮೇಲೆ ಕುಳಿತು ಹಣೆ ನೆಲಕ್ಕೆ ತಾಗಿಸಿದಳು. ಅವನು ಅದನ್ನು ನೋಡದವನಂತೆ, ಅಮ್ಮ ಹೆದರಿದ್ದರಾ ಎಂದು ಕೇಳಿದ.

“ಇಲ್ಲ. ಬಟ್ಟೆ ಗಲೀಜಾಗುತ್ತೆ ಅಂತ ನಾಚ್ಕೊಂಡ್ರು.”

“ಹ್ಞೂಂ. ಅಮ್ಮ ಹಾಗೇನೇ.” ಹೊರಡುವಾಗ ತಿರುಗದೆ ಹೇಳಿದ: “ನೀವು ಸುಮ್ನಿರ್ಬಹುದಿತ್ತು ಅಕ್ಕಾ. ಸುಮ್ನಿದ್ದಿದ್ರೆ ನಾನು ಸಮುದ್ರಾನ ಬೈಕೊಂಡು ಇದ್ಬಿಡ್ತಿದ್ದೆ.”

ಅವನು ಹೋದ ಮೇಲೆ ಹೊಸ್ತಿಲ ಕೆಳಗೆ ಬೂಟಿನ ಮಣ್ಣು ಉಳಿದಿತ್ತು. ಫುಸಾ ಅದನ್ನು ಗುಡಿಸಲಿಲ್ಲ. ಸಂಜೆ ಸೊಗಾಬೆಯೇ ಗುಡಿಸಿದ.

ಹೊಲಿಗೆ ಕೋಣೆಯಲ್ಲಿ ಅವಳಿಗೆ ಯಾರೂ ಒಂದು ಮಾತೂ ಅನ್ನಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವಳ ಎರಡೂ ಪಕ್ಕ ಜಾಗ ಖಾಲಿ ಇರುತ್ತಿತ್ತು, ಅಷ್ಟೇ. ಟೀ ಕೊಡುವವರು ಎರಡು ಕೈಯಲ್ಲಿ ಹಿಡಿದು ಕೊಡುತ್ತಿದ್ದರು, ಪರವೂರಿನವರಿಗೆ ಕೊಡುವ ಹಾಗೆ. ಬೇಸಿಗೆ ಬರುವ ಮೊದಲೇ ಅವಳು ಕೆಲಸ ಬಿಟ್ಟು, ಮನೆಯ ಹಿಂದಿನ ತರಕಾರಿ ಪಾತಿಯಲ್ಲಿ ದಿನ ಕಳೆಯತೊಡಗಿದಳು. ತವರಿನ ದ್ವೀಪಕ್ಕೆ ಮತ್ತೆ ಹೋಗಲಿಲ್ಲ. ಫೆರಿ ಹತ್ತಲೇ ಇಲ್ಲ.

ಸೊಗಾಬೆ ಬಾಯಿಯ ಹಾಸನ್ನು ಕಿತ್ತಳೆ ಬಣ್ಣಕ್ಕೆ ಬದಲಾಯಿಸಿದ. ಈ ಸಲ ಹಾಲಿನೊಳಗೆ ಎಲ್ಲರೂ ಬೀದಿಯ ಪಾದರಕ್ಷೆಯಲ್ಲೇ ಬರಬೇಕು ಎಂದು ಹಟ ಹಿಡಿದ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಇದು ಸರಿಬರಲಿಲ್ಲ. ನೆಲಕ್ಕೆಲ್ಲ ಹಳೆಯ ಚಾಪೆ ಹಾಸಿದ ಮೇಲೆ ಒಪ್ಪಿದರು. ಅಜ್ಜಿಯರು ಮೆಟ್ಟಿಕೊಂಡೇ ಒಳಗೆ ಬಂದರು, ಮೆಟ್ಟಿಲು ಹತ್ತಿದರು, ಕೊಳವೆಯ ಬಾಯಿಗೆ ಬಂದು ಬಗ್ಗಿ ಬಿಚ್ಚಿದರು. ಬಿಚ್ಚಬೇಡಿ ಎಂದರೆ, ಅಯ್ಯೋ ಹೌದಲ್ಲ ಎಂದು ಹಾಕಿಕೊಳ್ಳುತ್ತಿದ್ದರು. ಹಿಂದಿನವಳು ಮತ್ತೆ ಬಿಚ್ಚುತ್ತಿದ್ದಳು. ಬೂದು ಬಣ್ಣ ಹಾಕಿ ನೋಡಿದ. ಅದೇ ಕಥೆ. ಬಣ್ಣ ಯಾವುದಾದರೇನು, ಇನ್ನೂ ಯಾರೂ ತುಳಿಯದ ಬಟ್ಟೆಯನ್ನು ಮೊದಲು ತುಳಿಯುವವರು ತಾವಾಗಬಾರದು ಎನ್ನುವುದು ಅವರ ಎಲುಬಿನಲ್ಲೇ ಇತ್ತು.

ಹಾಗಾದರೆ ಯಾರೋ ಮೊದಲೇ ತುಳಿದಿರಬೇಕು ಎಂದು ಸೊಗಾಬೆ ಯೋಚಿಸಿದ. ಮತ್ತೆ ಬಿಳಿ ಬಟ್ಟೆಯನ್ನೇ ಹಾಸಿದ, ಕೊಳೆ ಎದ್ದು ಕಾಣುವುದು ಬಿಳಿಯ ಮೇಲೆ. ತನ್ನ ಕಾರ್ಖಾನೆಯ ಬೂಟಿನಿಂದ ಅದರ ಮೇಲೆ ನಡೆದ. ಹಾಲಿಗೆ ಬಂದ ಮೊದಲ ಅಜ್ಜಿ ಆ ಗುರುತುಗಳನ್ನು ನೋಡಿ ನಾಲಗೆ ಕಚ್ಚಿ, ಮೊಣಕಾಲೂರಿ ಕುಳಿತು ತನ್ನ ಕರವಸ್ತ್ರದಿಂದ ಒರೆಸತೊಡಗಿದಳು.

“ಕೆಲಸದವ್ರು ಹೀಗೇನೇ. ಹೆಂಗಸ್ರು ಒರೆಸ್ತಾರೆ ಅಂತ ತುಳಿದು ಹೋಗ್ತಾರೆ,” ಎಂದಳು.

ನೋಡುತ್ತಿದ್ದವರಿಗೆ ನಗು ತಡೆಯಲಾಗಲಿಲ್ಲ. ಸೊಗಾಬೆ ನಗಲಿಲ್ಲ. ಗಂಡಸಿನ ಬೂಟಿನ ಗುರುತಾದರೆ ಅದು ಒರೆಸಬೇಕಾದ ಕೊಳೆ. ತಮ್ಮಂಥವಳೇ ಒಬ್ಬಳು ಮಣ್ಣುಗಾಲಿನಲ್ಲಿ ಮುಂದೆ ಹೋಗಿದ್ದಾಳೆ ಎಂದು ಕಾಣಬೇಕು. ಅದು ತಾಬಿ ಬೂಟಿನ ಹೆಜ್ಜೆಯೇ ಆಗಬೇಕು.

ಮನೆಯಲ್ಲಿ ತಾಬಿ ಬೂಟು ಇದ್ದದ್ದು ಫುಸಾಳಿಗೆ. ಪಾತಿಯ ಕೆಲಸಕ್ಕೆ ಅದನ್ನೇ ಹಾಕುತ್ತಿದ್ದಳು. ಬೂಟನ್ನು ಅವನು ಕೈಯಲ್ಲಿ ಹಿಡಿದು ಒತ್ತಿಬಿಡಬಹುದಿತ್ತು. ಹಾಗೆ ಒತ್ತಿದ ಗುರುತಿನಲ್ಲಿ ದೇಹದ ಭಾರ ಇರುವುದಿಲ್ಲ, ಜನಕ್ಕೆ ಗೊತ್ತಾಗುತ್ತದೆ ಎಂದು ಅವನು ನನಗೆ ಮುಂದೊಮ್ಮೆ ಹೇಳಿದ. ಅದು ನಿಜವೋ, ಅವಳಿಂದಲೇ ಇದು ಆಗಬೇಕು ಎಂದು ಅವನ ಮನಸ್ಸಿನಲ್ಲಿತ್ತೋ, ನಾನು ಕೇಳಲಿಲ್ಲ. ಬಿಳಿ ಬಟ್ಟೆಯನ್ನು ಅಂಗಳದಲ್ಲಿ ಹಾಸಿ ಅವಳನ್ನು ಕರೆದ.

ಅವಳು ಅಂಚಿನವರೆಗೆ ಬಂದಳು. ಅಂಚು ಅವಳೇ ಹಿಂದೆ ಮಡಿಚಿ ಹೊಲಿಯುತ್ತಿದ್ದ ರೀತಿಯದು, ಈಗ ಬೇರೆ ಯಾರೋ ಹೊಲಿದಿದ್ದರು. ಕಾಲು ಎತ್ತಿದಳು, ಕೆಳಗಿಟ್ಟಳು. ಕೈ ತಾನಾಗಿ ಹಿಮ್ಮಡಿಯ ಕೊಂಡಿಯ ಕಡೆ ಹೋಯಿತು. ಅದನ್ನು ಇಬ್ಬರೂ ನೋಡಿದರು.

“ನನ್ನಿಂದ ಆಗಲ್ಲ ಅಪ್ಪಾ.”

ಅವನು ಬಟ್ಟೆ ಮಡಿಚಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಅದು ಅಂಗಳದಲ್ಲೇ ಬಿದ್ದಿತ್ತು. ಮರುದಿನ ಬೆಳಿಗ್ಗೆ ಅವಳು ಬದನೆ ಪಾತಿಗೆ ನೀರು ಹಾಯಿಸಿ ಬಂದಳು. ಬೂಟಿನ ತುಂಬ ಕೆಸರು. ಅಂಗಳದಲ್ಲಿ ನಿಲ್ಲಲಿಲ್ಲ, ಗಂಡನ ಕಡೆ ನೋಡಲಿಲ್ಲ. ಅಡ್ಡಬಿದ್ದಿದ್ದ ಬಟ್ಟೆಯ ಮೇಲೆಯೇ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಇಟ್ಟು ಆಚೆ ದಾಟಿದಳು. ದಾಟಿದ ಮೇಲೆ ಬಾವಿಕಟ್ಟೆ ಹಿಡಿದು ನಿಂತಳು.

“ಸಾಕಾ?” ಎಂದು ಕೇಳಿದಳು.

ಸಾಕು ಎಂದ.

ಆ ಹಾಸನ್ನು ಹಾಲಿಗೆ ಒಯ್ದರು. ಸರದಿಯ ಮೊದಲ ಅಜ್ಜಿ ಬಾಯಿಯ ಬಳಿ ನಿಂತು ಕೆಳಗೆ ನೋಡಿದಳು. ಯಾರೋ ಆಗಲೇ ತುಳಿದಿದ್ದಾಳೆ, ಇನ್ನೇನು ಎಂದು ಗೊಣಗಿ, ಆ ಹೆಜ್ಜೆಗಳ ಮೇಲೇ ಹೆಜ್ಜೆಯಿಟ್ಟು ಇಳಿದುಹೋದಳು. ಹಿಂದಿನವಳೂ ಹಾಗೇ. ಒಬ್ಬಳೂ ಬಗ್ಗಲಿಲ್ಲ. ಎಲ್ಲರೂ ಇಳಿದ ಮೇಲೆ ಮೊಗಸಾಲೆ ಖಾಲಿಯಾಯಿತು, ಅಲ್ಲಿ ಒಂದು ಜೋಡಿ ಪಾದರಕ್ಷೆಯೂ ಉಳಿದಿರಲಿಲ್ಲ. ತಾಮಯಿ ಚಪ್ಪಾಳೆ ತಟ್ಟಿದ. ಸೊಗಾಬೆ ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದ. ಆ ಹೆಜ್ಜೆಗಳಿಂದ ಅಚ್ಚು ತೆಗೆದು ಎಲ್ಲ ಹಾಸುಗಳ ಮೇಲೂ ಒತ್ತಿದರು.

ಮನೆಗೆ ಬಂದು ಫುಸಾಳಿಗೆ ಹೇಳಿದ. ಒಳ್ಳೆಯದಾಯಿತು ಎಂದಳು. ಆಮೇಲೆ, ಇದು ಮೊದಲೇ ಇದ್ದಿದ್ದರೆ ಎಂದಳು. ಆ ಮಾತು ಮುಗಿಸಲಿಲ್ಲ. ಹೆಜ್ಜೆಗಳಿಂದ ಅವಳ ಮನಸ್ಸು ಹಗುರಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಹಾಗಾಗಲಿಲ್ಲ. ಯಾರ ಶೂಗಳನ್ನೂ ಅವಳು ಮತ್ತೆ ತಿರುಗಿಸಿಡಲಿಲ್ಲ. ನಾನು ಹೋದಾಗ ನನ್ನವೂ ಬಿಚ್ಚಿದ ಹಾಗೇ ಇರುತ್ತಿದ್ದವು. ನಾನೇ ಹಿಂದುಮುಂದಾಗಿ ಇಳಿದು ಹಾಕಿಕೊಂಡು ಬರುತ್ತಿದ್ದೆ. ಅವಳು ಬಾಗಿಲಲ್ಲಿ ನಿಂತು, ಕೈಗಳನ್ನು ಉಡುಪಿನ ಅಗಲ ತೋಳಿನೊಳಗೆ ಸೇರಿಸಿಕೊಂಡು ನೋಡುತ್ತಿದ್ದಳು.

ಹೊಟ್ಟೆಯ ಕಾಯಿಲೆಯಿಂದ ಅವಳು ಸತ್ತದ್ದು ಒಂದು ಚಳಿಗಾಲದಲ್ಲಿ. ನಮ್ಮ ಪದ್ಧತಿಯಂತೆ ಬಿಳಿ ಬಟ್ಟೆ ಉಡಿಸಿದರು, ದೂರದ ದಾರಿಗೆಂದು ಕಾಲಿಗೆ ಹುಲ್ಲಿನ ಚಪ್ಪಲಿ ಕಟ್ಟಿದರು. ಸೊಗಾಬೆ ಅವಳ ತಾಬಿ ಬೂಟುಗಳನ್ನು ತಂದು ಶವಪೆಟ್ಟಿಗೆಯೊಳಗೆ ಕಾಲ ಬಳಿ ಇಟ್ಟ. ಚಿತಾಗಾರದಿಂದ ಬಂದವರು ಪೆಟ್ಟಿಗೆ ಮುಚ್ಚುವ ಮೊದಲು ಅವನ್ನು ನೋಡಿದರು. ರಬ್ಬರಿನ ಅಟ್ಟೆ, ಒಲೆಗೆ ಹಾಕುವಂತಿಲ್ಲ ಎಂದು ತುಂಬ ವಿನಯದಿಂದ ಹೇಳಿ, ಎರಡು ಕೈಯಲ್ಲಿ ಎತ್ತಿ ಅವನಿಗೆ ವಾಪಸು ಕೊಟ್ಟರು. ಅವನು ವಾದ ಮಾಡಲಿಲ್ಲ. ಓಸಾಕಾದಿಂದ ಬಂದ ಮಗಳು ಅವನ್ನು ಹಿಡಿದುಕೊಳ್ಳಲು ಕೈ ಚಾಚಿದಳು. ಅವನು ಕೊಡಲಿಲ್ಲ. ಶವದ ಗಾಡಿ ಬಂದರಿನ ಬೀದಿಯಲ್ಲಿ ಹೋಗುವಾಗ ಫೆರಿಯ ಕಟ್ಟೆಯ ಬಳಿ ಶಿಂಗಾಯಿ ಕತ್ಸುಮಿ ಟೋಪಿ ತೆಗೆದು ನಿಂತಿದ್ದ. ಮನೆಗೆ ಬರಲಿಲ್ಲ.

ಮಾರನೆಯ ತಿಂಗಳು ನಾನು ಸೊಗಾಬೆಯನ್ನು ನೋಡಲು ಹೋದೆ. ಹೊಸ್ತಿಲ ಕೆಳಗೆ ಫುಸಾಳ ತಾಬಿ ಬೂಟುಗಳಿದ್ದವು. ಹೆಬ್ಬೆರಳ ಸೀಳಿನಲ್ಲಿ ಪಾತಿಯ ಮಣ್ಣು ಒಣಗಿತ್ತು. ಅವುಗಳನ್ನು ಜೋಡಿಸಿ, ಮೂತಿ ಬೀದಿಯ ಕಡೆ ತಿರುಗಿಸಿ ಇಟ್ಟಿದ್ದ. ಪಕ್ಕದಲ್ಲಿ ಅವನ ಶೂಗಳು ಬಿಚ್ಚಿದ ಹಾಗೇ ಒಳಮುಖವಾಗಿ ಬಿದ್ದಿದ್ದವು.